ದೀಪ ಹಚ್ಚಿದ ಮೇಲೆ ಹೆಪ್ಪು

ನಿನ್ನೆ ಸಂಜೆ ಅಡುಗೆಮನೆಯ ಮೂಲೆಯಲ್ಲಿ ಮರೆತಿದ್ದ ಮೊಸರಿನ ಪಾತ್ರೆಯ ಮುಚ್ಚಳ ತೆಗೆದೆ. ಹುಳಿ ವಾಸನೆ ಮೂಗಿಗೆ ಬಡಿಯಿತು. ಚೆಲ್ಲಬೇಕಾದ ಮೊಸರು. ಆದರೆ ನನಗೆ ಆಪಾ ನೆನಪಾದರು...

ಆಪಾ ಎಂದರೆ ಅಕ್ಕ, ನಾವೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದೆವು. ಸಿರಾದವರು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಮಧುಗಿರಿ ಬೆಟ್ಟದ ಬುಡದ ಒಂದು ಬಾಡಿಗೆ ಕೋಣೆಯಲ್ಲಿ ನಮಗೆ ತರಬೇತಿ ಕೊಟ್ಟವರು. ಹೆಂಗಸರು, ಮಕ್ಕಳ ಮೇಲಿನ ಹೊಡೆತ ಬಡಿತ ತಡೆಯಬೇಕಾದರೆ ಮೊದಲು ಅದನ್ನು ತಿಳಿಯಬೇಕು, ಆ ಸಂಶೋಧನೆಯನ್ನು ಆಯಾ ಊರಿನ ಹುಡುಗಿಯರೇ ಮಾಡಬೇಕು ಎನ್ನುವುದು ಅವರ ಹಟ. ಕೊರಟಗೆರೆ, ಪಾವಗಡದ ಕಡೆಯಿಂದಲೂ ಹುಡುಗಿಯರು ಬಂದಿದ್ದರು. ನಾನು ಐ.ಡಿ.ಹಳ್ಳಿ ಕಡೆಯವಳು. ಕುರಿ ಕಾಯುವವರ ಮನೆಯಲ್ಲಿ ಬಿ.ಎ. ಮುಗಿಸಿದ ಮೊದಲ ಜೀವ. ಉಣ್ಣೆ ಮಾರಿ ಓದಿಸಿದರು. ಅದನ್ನು ಹೇಳಿಕೊಳ್ಳಲು ಆಗಲೂ ನನಗೆ ಸಂಕೋಚವಿರಲಿಲ್ಲ, ಈಗಲೂ ಇಲ್ಲ.

ನಮ್ಮ ಮನೆಯಿಂದ ಸ್ವಲ್ಪ ಆಚೆ ಕೈಗೂಸಿನ ಸೊಸೆಯೊಬ್ಬಳಿದ್ದಳು. ಸಂಜೆಯಾದರೆ ಗಂಡ ಹೊಡೆಯುತ್ತಿದ್ದ. ಮಗು ಕಿರುಚುವುದು ಬೀದಿಗೆಲ್ಲ ಕೇಳುತ್ತಿತ್ತು, ಬೀದಿ ಸುಮ್ಮನಿರುತ್ತಿತ್ತು. ಯಾಕೆ ಹೊಡೆಯುತ್ತಾನೆ ಎಂದು ಮನೆಮನೆ ಕೇಳಿದೆ. ಸಾರಿಗೆ ಉಪ್ಪು ಹೆಚ್ಚಾಯಿತಂತೆ, ಎದುರು ಮಾತಾಡಿದಳಂತೆ... ಉತ್ತರವೆಲ್ಲ ಅವಳ ತಲೆಗೇ ಬರುತ್ತಿತ್ತು.

"ಕುರಿಯೋರ ಹುಡುಗಿ ಬಿ.ಎ. ಮಾಡಿ ಗಂಡ ಹೆಂಡ್ತಿ ಜಗಳ ಅಳೀತಾವ್ಳೆ ಕಣ್ಲಾ" ಎಂದು ಕಟ್ಟೆಯ ಮೇಲಿನ ಗಂಡಸರು ನಕ್ಕರು.

ಮಧುಗಿರಿಗೆ ಹೋಗಿ ಹೇಳಿದಾಗ ಆಪಾ ನಗಲಿಲ್ಲ. "ಅರೆ ಬೇಟಿ, ಯಾಕೆ ಹೊಡೀತಾನೆ ಅಂದ್ರೆ ಅವಳ ತಪ್ಪು ಹುಡುಕಿ ಕೊಡ್ತಾರೆ. ಅವನ ಕೈ ಯಾವಾಗ ನಿಲ್ಲುತ್ತೆ? ಅದನ್ನ ಕೇಳು" ಎಂದರು. ಆಮೇಲೆ ತಾವೇ ಬಸ್ಸು ಹತ್ತಿ ನಮ್ಮೂರಿಗೆ ಬಂದರು.

ಅಂದು ಗಂಡಸರು ಕುರಿಗಳ ಹಿಂದೆ ಹೋಗಿದ್ದರು, ಆ ಸೊಸೆಯ ಅತ್ತೆ ಸಂತೆಗೆ ಹೋಗಿದ್ದಳು. ನಮ್ಮ ಅಂಗಳದಲ್ಲಿ ಹೆಂಗಸರು ಹುಣಸೆಹಣ್ಣು ಕುಟ್ಟುತ್ತಿದ್ದರು, ಆ ಸೊಸೆಯೂ ಮಗು ಎತ್ತಿಕೊಂಡು ಬಂದಿದ್ದಳು. ಆಪಾ ಕೂಡ ಒಂದು ಕೊಡತಿ ಹಿಡಿದು ಕೂತರು. ಬಹಳ ಹೊತ್ತಾದ ಮೇಲೆ, ಯಾರ ಮುಖವನ್ನೂ ನೋಡದೆ ಆ ಪ್ರಶ್ನೆ ಕೇಳಿದರು. ಮಗುವಿಗೆ ಹಾಲೂಡುತ್ತಿದ್ದ ಸೊಸೆ ತಲೆ ಎತ್ತದೆಯೇ ಹೇಳಿದಳು:

"ಬಾಗ್ಲಾಗೆ ಯಾರಾನಾ ಕೂಗುದ್ರೆ ನಿಲ್ತದೆ. ಯಾರೂ ಕೂಗಲ್ಲ."

ಅವಳ ಎದುರುಮನೆಯ ಅಜ್ಜಿ ಸೆರಗು ಕಚ್ಚಿಕೊಂಡು ಕೂತಿದ್ದಳು. ಕೊನೆಗೆ, "ನಾನ್ ಕೂಗ್ತೀನಿ ಬುಡು. ಹಾಲಿಗೆ ಹೆಪ್ಪು ಬೇಕು ಅಂತ ಹೋಗ್ತೀನಿ" ಎಂದಳು.

"ದೀಪ ಹಚ್ಚಿದ್ ಮ್ಯಾಲೆ ಹೆಪ್ಪು ಯಾರ್ ಕೊಡ್ತಾರಜ್ಜಿ?" ಎಂದಳು ನಮ್ಮವ್ವ.

"ಕೊಡದಿದ್ರೆ ಇನ್ನೂ ವಾಸಿ ಕಣಮ್ಮ! ಯಾಕ್ ಕೊಡಲ್ಲ ಅಂತ ಜಗಳಕ್ಕೆ ನಿಲ್ತೀನಿ. ನಂಗೇನ್ ಮೊಸರು ಬೇಕಾ?"

ಆಪಾ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮತ್ತೆ ಸೊಸೆಯ ಕಡೆ ತಿರುಗಿ, "ಆಮೇಲೆ ಜಾಸ್ತಿ ಹೊಡೆದ್ರೆ? ನಿನಗೆ ಒಪ್ಪಿಗೆನಾ?" ಎಂದು ಕೇಳಿದರು.

"ಕೂಗ್ಲಿ" ಎಂದಳು ಅವಳು.

ಆ ಸಂಜೆ ಮಗು ಕಿರುಚಿದ್ದೇ ತಡ, ಅಜ್ಜಿ ಲೋಟ ಹಿಡಿದು ಹೋದಳು. ಅತ್ತೆ ಹೊರಗೆ ಬಂದು, "ಹೊತ್ತು ಮುಳುಗಿದ್ ಮ್ಯಾಲೆ ಮನೆ ಲಕ್ಷ್ಮೀನ ಕೇಳ್ತೀಯಲ್ಲೇ ಮುದುಕಿ" ಎಂದು ಹರಿಹಾಯ್ದಳು. ಅಜ್ಜಿ ಜಗ್ಗಲಿಲ್ಲ. ಅವಳ ಹಿಂದೆ ನಮ್ಮವ್ವ, ಅವ್ವನ ಹಿಂದೆ ನಾನು, ನನ್ನ ಹಿಂದೆ ಇನ್ನೂ ಕೆಲವರು. ಎಲ್ಲರ ಕೈಯಲ್ಲೂ ಲೋಟ. ಒಳಗೆ ಸದ್ದಡಗಿತು. ಗಂಡ ಹೊರಬಂದು ತಲೆ ತಗ್ಗಿಸಿ ಬೀದಿಗಿಳಿದು ಹೋದ.

ಹೊಡೆತ ಅಂದೇ ನಿಂತಿತೆಂದರೆ ಸುಳ್ಳಾಗುತ್ತದೆ. ಲೋಟಗಳು ತಿಂಗಳುಗಟ್ಟಲೆ ಓಡಾಡಿದವು. ಮರುವರ್ಷ ಬೇರೊಂದು ಮನೆಯ ಬಾಗಿಲಲ್ಲಿ ಹೆಪ್ಪು ಕೇಳಿ ನಿಂತವಳು ಅದೇ ಸೊಸೆ, ಕಂಕುಳಲ್ಲಿ ಮಗು.

ಆಪಾ ಈಗಿಲ್ಲ. ಸುದ್ದಿ ನನಗೆ ತಲುಪುವಷ್ಟರಲ್ಲಿ ಮಣ್ಣು ಮಾಡಿ ಬಹಳ ದಿನವಾಗಿತ್ತು. ಸಿರಾಕ್ಕೆ ಹೋದೆ. ಹೇಳಬೇಕಾದ್ದು ಬಹಳ ಇತ್ತು, ಕೇಳುವವರಿರಲಿಲ್ಲ...

ನಿನ್ನೆ ಮೊಸರು ಚೆಲ್ಲಲು ಹೊರಟಾಗ ಪಕ್ಕದ ಮನೆಯಲ್ಲಿ ಏನೋ ಒಡೆದ ಸದ್ದು, ಹಿಂದೆಯೇ ಮಗುವಿನ ಅಳು. ನಮ್ಮಲ್ಲಿ ದೀಪ ಹಚ್ಚಿಯಾಗಿತ್ತು. ಮೊಸರಿನ ಪಾತ್ರೆ ಕೆಳಗಿಟ್ಟೆ. ಖಾಲಿ ಲೋಟ ಹಿಡಿದು ಹೋಗಿ ಅವರ ಬಾಗಿಲು ಬಡಿದೆ.

"ಒಂಚೂರು ಹೆಪ್ಪಿದ್ರೆ ಕೊಡಮ್ಮ..."