ಚೀಟಿ ಕೊಡದ ಉಪದೇಶಿಗಳು

ಮೊನ್ನೆ ಮೊಮ್ಮಗ ಮೊಣಕಾಲು ತರಚಿಕೊಂಡು ಬಂದಾಗ ಸೊಸೆ ಎಲ್ಲಿಂದಲೋ ಟಿಂಚರ್ ಬಾಟಲಿ ತೆಗೆದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಗೋಡೆ ಹಿಡಿದು ಕೂತುಬಿಟ್ಟೆ. ಅರವತ್ತು ವರ್ಷದ ಹಿಂದೆ ಇದೇ ವಾಸನೆಯ ಹತ್ತಿಯನ್ನು ನಮ್ಮ ಉಪದೇಶಿಗಳ ಒಡೆದ ಹುಬ್ಬಿಗೆ ಒತ್ತಿ ಹಿಡಿದಿದ್ದೆ. ಒಡೆದವನು ನನ್ನ ಅಣ್ಣ. ಅವನಿಗೆ ಧೈರ್ಯ ಕೊಟ್ಟವಳು ನಾನು.

ದಾವಣಗೆರೆಯ ಹತ್ತಿ ಗಿರಣಿಯೊಂದರ ಹಿಂದೆ ಸಾಲಾಗಿ ಮನೆಗಳಿದ್ದವು. ಅದರಲ್ಲಿ ನಾವು ಹದಿನೈದು ಮನೆ ಕ್ರೈಸ್ತರು. ನಮಗೆ ಸ್ವಂತ ಅಯ್ಯನವರು, ಅಂದರೆ ಪಾದ್ರಿಗಳು, ಇರಲಿಲ್ಲ. ಹೊರಗಿನ ಅಯ್ಯನವರೊಬ್ಬರು ವರ್ಷಕ್ಕೆ ಮೂರು ಸಲ ಬಂದು ಪ್ರಭುಭೋಜನ ಕೊಟ್ಟು ಹೋಗುತ್ತಿದ್ದರು. ಮಿಕ್ಕ ದಿನಗಳ ಪ್ರಾರ್ಥನೆ, ಪಾಠ, ಸತ್ತವರಿಗೆ ಮಣ್ಣು ಎಲ್ಲ ಉಪದೇಶಿಗಳದೇ. ಹರಿಹರದಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಕುಳ್ಳಗಿನ ಮನುಷ್ಯ, ಮಾತು ಮೆತ್ತಗೆ, ಕಾಫಿಗೆ ಮಾತ್ರ ಬೆಲ್ಲ ಜಾಸ್ತಿ ಬೇಕು.

ಭೋಜನದ ಹಿಂದಿನ ಶನಿವಾರ ಅವರು ಮನೆಮನೆಗೆ ಬರುವ ಪದ್ಧತಿಯಿತ್ತು. ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿ, ಈ ಮನೆಯಲ್ಲಿ ಯಾರಿಂದಾದರೂ ಯಾರಿಗಾದರೂ ನೋವಾಗಿದೆಯೇ ಎಂದು ಕೇಳುತ್ತಿದ್ದರು. ಇಲ್ಲ, ಸಮಾಧಾನ ಎಂದರೆ ತಲೆಗೊಂದು ಚೀಟಿ. ಚೀಟಿ ಇಲ್ಲದವರಿಗೆ ಭಾನುವಾರ ರೊಟ್ಟಿಯೂ ಇಲ್ಲ, ದ್ರಾಕ್ಷಾರಸವೂ ಇಲ್ಲ. ಹಾಗೆಂದು ಯಾರಿಗೂ ಚೀಟಿ ತಪ್ಪಿದ್ದು ನಾನು ಕಂಡಿರಲಿಲ್ಲ. ಸಮಾಧಾನ ಅನ್ನುವುದು, ಚೀಟಿ ಇಸಕೊಳ್ಳುವುದು, ಅವರು ಪಕ್ಕದ ಮನೆಗೆ ಹೋಗುವುದು... ಅಷ್ಟೆ.

ನಮ್ಮಣ್ಣ ಗಿರಣಿಯಲ್ಲಿ ಮೇಸ್ತ್ರಿ, ಸಭೆಯಲ್ಲಿ ಹಿರಿಯ. ಮನೆಯಲ್ಲಿ ಅತ್ತಿಗೆಯನ್ನು ದನಕ್ಕೆ ಬಡಿದಂತೆ ಬಡಿಯುತ್ತಿದ್ದ. ಒಂದೇ ಗೋಡೆಯ ಮನೆಗಳು, ಕೇಳದೆ ಇರುತ್ತದೆಯೇ? ಅತ್ತಿಗೆಯ ಕೂಗು ಎದ್ದರೆ ಆಚೆ ಮನೆಯವರು ಕೀರ್ತನೆಯ ದನಿ ಏರಿಸುತ್ತಿದ್ದರು. ಇದು ಸುಳ್ಳಲ್ಲ, ನನ್ನ ಕಿವಿಯಾರೆ ಕೇಳಿದ್ದು. ನಾನೂ ಜೊತೆಗೆ ಗುನುಗಿದ್ದುಂಟು, ಥೂ!

ಆ ವರ್ಷ ನನಗೆ ಹರಿಹರದ ಒಬ್ಬ ಮೇಷ್ಟರ ಜೊತೆ ಮದುವೆ ಗೊತ್ತಾಗಿತ್ತು. ಭಾನುವಾರದ ಭೋಜನಕ್ಕೆ ಅವರ ಮನೆಯವರೂ ಬರುವವರಿದ್ದರು. ಗುರುವಾರ, ಕೂಸಿಗೆ ಜ್ವರವೆಂದು ಅಡಿಗೆ ತಡವಾಗಿದ್ದಕ್ಕೆ, ಅಣ್ಣ ಅತ್ತಿಗೆಯ ಬಲಗೈಯನ್ನು ಬಾಗಿಲ ಚೌಕಟ್ಟಿಗೆ ಹಾಕಿ ತಿರುಚಿದ. ಎಲುಬು ಮುರಿದ ಸದ್ದು ಒಲೆಯ ಮುಂದಿದ್ದ ನನಗೆ ಕೇಳಿಸಿತು. ಬಚ್ಚಲಲ್ಲಿ ಬಿದ್ದಳೆಂದು ಹೇಳುವುದು ಎಂದು ಅವ್ವ ತೀರ್ಮಾನ ಮಾಡಿದಳು. ಮದುವೆ ಮುರಿದೀತು ಎಂಬ ಭಯ ಅವಳಿಗಿಂತ ನನಗೇ ಹೆಚ್ಚಿತ್ತು.

ಶನಿವಾರ ಉಪದೇಶಿಗಳು ಚೀಟಿ ಚಾಚಿದಾಗ ಅತ್ತಿಗೆ ಎಡಗೈ ನೀಡಿದಳು. ಅವರು ಕೊಡಲಿಲ್ಲ. ಬಟ್ಟೆ ಸುತ್ತಿದ್ದ ಬಲಗೈಯನ್ನು ನೋಡಿದರು. ಅವ್ವ ಬಚ್ಚಲಿನ ಕತೆ ಹೇಳಿ ಮುಗಿಸಿದಳು. ಅವರು ನನ್ನ ಕಡೆ ತಿರುಗಿದರು.

"ನೀನು ಹೇಳು ತಾಯಿ. ಬಿದ್ಲಾ?"

ಅತ್ತಿಗೆ ನನ್ನನ್ನೇ ನೋಡುತ್ತಿದ್ದಳು. ಅವಳ ಬದುಕು ನನ್ನ ನಾಲಿಗೆಯ ಮೇಲಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

"ಹೂನ್ರಿ, ಬಿದ್ಲು," ಅಂದೆ.

ಉಪದೇಶಿಗಳು ಚೀಟಿಗಳನ್ನು ಜೇಬಿಗೆ ಹಾಕಿಕೊಂಡು ಅಣ್ಣನಿಗೆ ಹೇಳಿದರು: "ಮುರಿದೋನು ನೀನು. ಇಡೀ ಲೈನಿಗೆ ಗೊತ್ತೈತೆ. ನನಗೂ ಗೊತ್ತಿತ್ತಪ್ಪ, ಗೊತ್ತಿದ್ದೂ ಎರಡು ವರ್ಷ ಚೀಟಿ ಕೊಟ್ಟೆ, ಅದು ನನ್ನ ಪಾಪ. ಈ ಸಲ ಕೊಡಂಗಿಲ್ಲ."

ಗಿರಣಿಯಿಂದ ತಂದ ಹಳೆಯ ಲಾಳಿಯೊಂದು ಕಿಟಕಿಯಲ್ಲಿತ್ತು, ಎರಡೂ ತುದಿಗೆ ಉಕ್ಕಿನ ಮೊನೆ. ಅಣ್ಣ ಅದನ್ನೆತ್ತಿ ಬೀಸಿದ. ಹುಬ್ಬು ಸೀಳಿ ರಕ್ತ ಚಾಪೆಗೆ ಚಿಮ್ಮಿತು. ಕೂಗು ಕೇಳಿ ಓಡಿಬಂದ ಅಕ್ಕಪಕ್ಕದವರು ಅಣ್ಣನನ್ನು ಹಿಡಿಯುತ್ತಾರೆ ಅಂದುಕೊಂಡೆ. ಅವರು ಹಿಡಿದದ್ದು ಉಪದೇಶಿಗಳ ರಟ್ಟೆಯನ್ನು. ತಪ್ಪಾಯಿತು ಅನ್ನಿ ಎಂದು ಬೀದಿಗೆ ಎಳೆದು ಒದ್ದರು. ಇರುವೆ ತುಳಿಯದ ನೂಲಿನ ಖಾತೆಯ ಮುದುಕ ಕೂಡ ಪಕ್ಕೆಗೆ ಎರಡು ಸಲ ಒದ್ದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆಯನ್ನು ಅವ್ವ ನಗುತ್ತಾ ಹೇಳುತ್ತಿದ್ದಳು. ಅವತ್ತು ಕಣ್ಣಾರೆ ಕಂಡೆ.

ಎಲ್ಲರೂ ಚದುರಿದ ಮೇಲೆ ನಲ್ಲಿಯ ಕಟ್ಟೆಯ ಮೇಲೆ ಅವರನ್ನು ಕೂರಿಸಿ ಟಿಂಚರ್ ಹಚ್ಚಿದೆ. ಇಷ್ಟು ದಿನ ಜೊತೆಗೆ ಉಂಡವರು ಹೀಗೇಕೆ ಮಾಡಿದರು ಎಂದು ಮಳ್ಳಿಯ ಹಾಗೆ ಕೇಳಿದೆ.

"ಗೊತ್ತಿಲ್ಲದ್ದು ಹೇಳಿದ್ರೆ ನಗ್ತಿದ್ರು ತಾಯಿ. ಗೊತ್ತಿರೋದನ್ನೇ ಹೇಳಿದೆ. ಕಿವಿಗೆ ಬಿದ್ದ ಮ್ಯಾಲೆ ಏನಾರ ಮಾಡಬೇಕಲ್ಲ, ಅದಕ್ಕೇ ಹೊಡೆದ್ರು. ನಮ್ಮ ಸ್ವಾಮಿಗೂ ಹಿಂಗೇ ಆಗಿದ್ದು."

ನನ್ನ ಸುಳ್ಳಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಿರಿಯರ ಪಂಚಾಯಿತಿಯಲ್ಲಿ ಅಯ್ಯನವರ ಮುಂದೆ ನಾನು ಅದೇ ಸುಳ್ಳನ್ನು ಮತ್ತೆ ಒದರಿದೆ. ಉಪದೇಶಿಗಳ ಕೆಲಸ ಹೋಯಿತು. ಅಣ್ಣ ಅದೇ ಕೈಯಲ್ಲಿ ರೊಟ್ಟಿ ತಗೊಂಡ. ನನ್ನ ಮದುವೆ ಸಾಂಗವಾಗಿ ನಡೆಯಿತು. ಎಂಟು ತಿಂಗಳಿಗೆ ಅತ್ತಿಗೆ ಸತ್ತ ಸುದ್ದಿ ಬಂತು. ಬಚ್ಚಲ ಕಲ್ಲಿಗೆ ತಲೆ ಬಡಿಯಿತಂತೆ... ಈ ಸಲವೂ ಬಿದ್ದಳಂತೆ. ಹೆಣ ನೋಡಿದೆ. ಕುತ್ತಿಗೆಯ ಮೇಲೆ ಐದು ಬೆರಳೂ ಮೂಡಿದ್ದವು.

ಮಣ್ಣಿಗೆ ಉಪದೇಶಿಗಳೂ ಬಂದಿದ್ದರು. ಗುಂಡಿಯ ಆಚೆ, ನನಗೆ ಎದುರಾಗಿ ನಿಂತರು. ಜನರೆಲ್ಲ ಬಿಗಿದುಕೊಂಡರು. ಕೇಳಲಿ, ಈ ಸಲ ಹೇಳಿಯೇ ಬಿಡುತ್ತೇನೆ ಎಂದು ನಾನು ಕಾದೆ. ಅವರು ಕೇಳಲಿಲ್ಲ, ಒಂದು ಹಿಡಿ ಮಣ್ಣು ಹಾಕಿ ಹೊರಟರು. ಕೇಳದೆ ಹೇಳಲು ನನಗೇನು ರೋಗವಾಗಿತ್ತೋ! ಆಮೇಲೆ ಹರಿಹರದಲ್ಲಿ ಅವರ ಮನೆಗೂ ನಮ್ಮ ಮನೆಗೂ ಮೂರೇ ಬೀದಿ. ಅವರು ಸಾಯುವ ತನಕ ನಾನು ಒಮ್ಮೆಯೂ ಆ ಬೀದಿ ತುಳಿಯಲಿಲ್ಲ.

ಮೊಮ್ಮಗನ ಗಾಯ ನೋಡಿದ ಮರುದಿನ ಬಸ್ಸು ಹತ್ತಿ ದಾವಣಗೆರೆಗೆ ಹೋದೆ. ಅತ್ತಿಗೆಯ ಆ ಕೂಸಿಗೆ ಈಗ ಅರವತ್ತು ದಾಟಿದೆ. ಅಪ್ಪನ ಫೋಟೋಗೆ ದಿನಾ ಹೂವು ಇಡುತ್ತಾಳೆ. ಎಲ್ಲ ಹೇಳಿದೆ, ನನ್ನ ಸುಳ್ಳನ್ನೂ ಬಿಡಲಿಲ್ಲ. ಅರ್ಧದಲ್ಲೇ ಎದ್ದಳು. "ನಮ್ಮಪ್ಪ ದೇವರಂಥೋರು. ನೀನು ನಡಿ ಅತ್ತೆ," ಎಂದು ರಟ್ಟೆ ಹಿಡಿದು ಹೊಸಿಲಾಚೆ ನೂಕಿದಳು. ಕಟ್ಟೆಗೆ ಬಡಿದು ಮೊಣಕೈ ತರಚಿತು. ಅವಳ ಮೇಲೆ ಸಿಟ್ಟೇ ಬರಲಿಲ್ಲ. ನಂಬಿದರೆ ಅವಳಿಗೆ ಅಪ್ಪನೂ ಇಲ್ಲ, ಅತ್ತೆಯೂ ಇಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತುಬಿಟ್ಟೆ. ಉಪದೇಶಿಗಳಿಗೆ ಹೇಳೋಣವೆಂದರೆ ಅವರಿಲ್ಲ. ಅವತ್ತು ಆ ಚಾಪೆಯ ಮೇಲೆ ಬೀಳಲಿಲ್ಲ ಅಂದಿದ್ದರೆ ನನ್ನ ಮದುವೆ ಮುರಿಯುತ್ತಿತ್ತು, ಅಷ್ಟೆ. ಅತ್ತಿಗೆ ಬದುಕುತ್ತಿದ್ದಳು.