ಸಿರ್ಗಾಪುರದಾಕಿ ಕಲಿಸಿದ ಗಾಳಿ

ನಿನ್ನೆ ಸಂಜೆ ತಾಂಡೂರಿನ ನಮ್ಮ ಮನೆಯ ಮಾಳಿಗೆ ಮೇಲೆ ಕುಳಿತು ತೊಗರಿ ಕೇರುತ್ತಿದ್ದೆ. ಗಾಳಿ ಎದ್ದು ಹೊಟ್ಟೆಲ್ಲ ಮುಖಕ್ಕೇ ಬಡಿಯಿತು. ಆ ಒಣ ಹೊಟ್ಟಿನ ವಾಸನೆ ಮೂಗಿಗೆ ಹತ್ತಿದ್ದೇ ತಡ, ಸಿರ್ಗಾಪುರದ ಕಾಕಿ ನೆನಪಾದಳು...

ನನ್ನ ತವರೂರು ಝರಾಸಂಗಮದಲ್ಲಿ ಆಕೆ ಪಕ್ಕದ ಮನೆಯವಳು. ನಮ್ಮ ಕಡೆ ಸೊಸೆಯಾಗಿ ಬಂದವಳನ್ನು ತವರೂರಿನ ಹೆಸರಿನಿಂದಲೇ ಕರೆಯುವುದು. ಊರಿಗೆಲ್ಲ ಆಕೆ ಸಿರ್ಗಾಪುರದಾಕಿ, ನನಗೆ ಸಿರ್ಗಾಪುರದ ಕಾಕಿ. ಸಾಲೆಯ ಮುಖ ಕಂಡವಳಲ್ಲ. ಆದರೆ ರಾಶಿ ತೂರುವ ದಿನಗಳಲ್ಲಿ ಗಂಡಸರೂ ಬಂದು, "ಗಾಳಿ ಯಾವಾಗ ತಿರಗತದ್ರಿ ವೈನಿ?" ಎಂದು ಆಕೆಯನ್ನೇ ಕೇಳುತ್ತಿದ್ದರು.

ಆ ವರ್ಷ ನಾನು ಹತ್ತನೆಯ ತರಗತಿ. ಅರ್ಧವಾರ್ಷಿಕದಲ್ಲಿ ಕಣಿವೆ ಗಾಳಿ, ಗುಡ್ಡದ ಗಾಳಿ ಎರಡನ್ನೂ ಅದಲುಬದಲು ಬರೆದು ಸಮಾಜ ವಿಜ್ಞಾನದಲ್ಲಿ ನಪಾಸಾಗಿದ್ದೆ. "ಮುಂದ ನಪಾಸಾದ್ರ ಸಾಲಿ ಬಂದ್. ವರ ನೋಡ್ತೀನಿ" ಎಂದುಬಿಟ್ಟಿದ್ದ ಅಪ್ಪ. ನನಗೋ ಓದಲೇಬೇಕೆಂಬ ಹಟ. ಗುಡ್ಡದ ಬುಡದಲ್ಲಿದ್ದ ಕಾಕಿಯ ಕಣದ ಬದಿಗೆ ಪುಸ್ತಕ ಹಿಡಿದು ಅಳುತ್ತ ಕುಳಿತೆ.

ಮಧ್ಯಾಹ್ನದ ಹೊತ್ತು. ಕಾಕಿ ಬುಟ್ಟಿ ಎತ್ತಿ ತೊಗರಿ ತೂರುತ್ತಿದ್ದಳು. ಹೊಟ್ಟು ಗುಡ್ಡದ ಕಡೆಗೆ ಹಾರುತ್ತಿತ್ತು.

"ಯಾಕ ಅಳ್ತಿ?" ಎಂದಳು.

"ಗಾಳಿ ಗುಡ್ಡಕ್ಕ ಹೋಗ್ಲತದ. ಬುಕ್ಕಿನ್ಯಾಗ ಕಣಿವೆ ಗಾಳಿ ಅಂತ ಬರದಾರ. ಗುಡ್ಡದ ಗಾಳಿ ಅನ್ನಬೇಕಲ್ಲ ಕಾಕಿ?"

ಬುಟ್ಟಿ ಇಳಿಸಿ ಬಿದ್ದುಬಿದ್ದು ನಕ್ಕಳು. "ಅಯ್ಯ ಹುಚ್ಚಿ! ನಾ ಈ ಊರಿಗಿ ಬಂದು ಎಷ್ಟ ವರ್ಷ ಆತು? ಈ ಊರಾಕಿ ಅಂತ ಒಬ್ಬರರೆ ಕರೀತಾರೇನ? ಎಲ್ಲಿಗಿ ಬಂದಾಳ ಅಂತಲ್ಲ, ಎಲ್ಲಿಂದ ಬಂದಾಳ ಅಂತ ಹೆಸರು. ಗಾಳೀನೂ ನನ್ನಂಥ ಸೊಸೀನೇ."

ಬಿಸಿಲಿಗೆ ಗುಡ್ಡದ ಇಳಿಜಾರು ಕಾದರೆ ಅಲ್ಲಿನ ಗಾಳಿ ಹಗುರಾಗಿ ಮೇಲೇಳುತ್ತದೆ, ಆ ಜಾಗಕ್ಕೆ ತಗ್ಗಿನ ಗಾಳಿ ಏರಿ ಬರುತ್ತದೆ. ಹೊತ್ತು ಮುಳುಗಿ ಇಳಿಜಾರು ತಣ್ಣಗಾದರೆ ಗಾಳಿ ಭಾರವಾಗಿ ಕೆಳಗೆ ಜಾರುತ್ತದೆ. ಇದೆಲ್ಲ ಪುಸ್ತಕದಲ್ಲೇ ಇತ್ತು. ಕಾಕಿ ನನ್ನನ್ನು ದೀಪ ಹಚ್ಚುವ ಹೊತ್ತಿನವರೆಗೆ ಅಲ್ಲೇ ಕೂಡಿಸಿಕೊಂಡು, ಹೊಟ್ಟು ತಿರುಗಿ ತಗ್ಗಿನ ಕಡೆ ಹಾರಿದಾಗ, "ನೋಡು, ಈಗ ಗುಡ್ಡದಾಕಿ ಬಂದ್ಳು" ಎಂದಳು.

ದೊಡ್ಡ ಪರೀಕ್ಷೆಯಲ್ಲಿ ಬಂದದ್ದು ಕಡಲ ಗಾಳಿ, ನೆಲದ ಗಾಳಿ! ಕಡಲನ್ನು ನಾನೂ ಕಂಡಿರಲಿಲ್ಲ, ಆಕೆಯೂ ಕಂಡಿರಲಿಲ್ಲ. ಆದರೆ ಹಗಲು ನೆಲ ಕಾದಾಗ ಬರುವವಳ ತವರು ಕಡಲೇ ಎಂಬುದು ತಲೆಯಲ್ಲಿ ಕೂತಿತ್ತು. ಪಾಸಾದೆ. ಮುಂದೆ ಓದಿದೆ, ಟೀಚರಾದೆ, ಆಮೇಲೆ ತಾಂಡೂರಿಗೆ ಸೊಸೆಯಾಗಿ ಬಂದೆ. ಇಲ್ಲಿ ನಾನು ಝರಾಸಂಗಮದಾಕಿ.

ಕಾಕಿ ತೀರಿಕೊಂಡ ಸುದ್ದಿ ಹೋದ ತಿಂಗಳು ತಡವಾಗಿ ಬಂತು. ಹೋದೆ. ಗೋಡೆಯ ಮೇಲೆ ಹಾರ ಹಾಕಿದ ಫೋಟೊ, ಕೆಳಗೊಂದು ಹೆಸರು. ಓದಿ, "ಇದು ಯಾರ ಹೆಸರು?" ಎಂದು ಕೇಳಿಬಿಟ್ಟೆ.

ಆಕೆಯ ಮಗ ನನ್ನ ಮುಖ ನೋಡಿದ. "ಅವ್ವಂದೇ ಅಲ್ರೀ ಅಕ್ಕ."

ನಾಚಿಕೆಯಾಗಿ ತಲೆ ತಗ್ಗಿಸಿದೆ. ನನ್ನ ಓದು ಉಳಿಸಿದವಳ ಹೆಸರು ಕೇಳುವ ಬುದ್ಧಿ ಒಂದು ದಿನವೂ ನನಗೆ ಬಂದಿರಲಿಲ್ಲ...

ನಿನ್ನೆ ಮಾಳಿಗೆ ಮೇಲೆ ಮೊರ ಕೆಳಗಿಟ್ಟು ಆ ಹೆಸರನ್ನು ಬಾಯಿಬಿಟ್ಟು ಹೇಳಿ ನೋಡಿದೆ. ಯಾರನ್ನೋ ಕರೆದಂತಾಯಿತು. "ಸಿರ್ಗಾಪುರದ ಕಾಕಿ" ಎಂದೆ. ಆಗ ಅಳು ಬಂತು.