ಮೊರದಜ್ಜಿ ಕಟ್ಟದೆ ಬಿಟ್ಟ ಮೂಲೆ

ಬಿದಿರಿನ ಸೀಳನ್ನು ಕಚ್ಚಿ ಹಿಡಿದು ಎಳೆದೂ ಎಳೆದೂ ಅಜ್ಜಿಯ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಬಿದ್ದಿತ್ತು. ಮಾತಾಡುವಾಗ ಅದರ ಸಂದಿಯಿಂದ ಸಣ್ಣಗೆ ಸಿಳ್ಳೆ ಹೊರಡುತ್ತಿತ್ತು. ಯಾರನ್ನಾದರೂ ಬೈಯುವಾಗ ಸಿಳ್ಳೆ ಜೋರಾಗುತ್ತಿತ್ತು. ಬೈಯುವುದಕ್ಕೆ ಅವಳಿಗೆ ಜನರ ಕೊರತೆ ಇರಲಿಲ್ಲ.

ಅವಳು ಮಾದಿಹಳ್ಳಿಯವಳು. ಮೊರ, ಬುಟ್ಟಿ, ತಟ್ಟಿ ಹೆಣೆಯುವ ಮನೆತನ. ಅರಸೀಕೆರೆ ಸಂತೆಗೆ ಮೊರದ ಹೊರೆ ಹೊತ್ತು ಹೋಗುತ್ತಿದ್ದುದರಿಂದ ಸುತ್ತಲಿನವರಿಗೆಲ್ಲ ಅವಳು ಮೊರದಜ್ಜಿ. ಯಾರು ಯಾವಾಗ ಏನು ಅಂದರು ಎಂಬುದನ್ನು ಅವಳು ಮರೆಯುತ್ತಿರಲಿಲ್ಲ. ಕ್ಷಮಿಸುವುದಂತೂ ದೂರದ ಮಾತು. ಒಬ್ಬ ತೆಂಗಿನ ತೋಟದ ಯಜಮಾನ ಸಂತೆಯಲ್ಲಿ ಅವಳ ಮೊರವನ್ನು ಕಾಲಿನಿಂದ ಸರಿಸಿ, 'ಈ ಕಸ ಯಾರಿಗೆ ಬೇಕು' ಎಂದಿದ್ದನಂತೆ. ಆ ವರ್ಷದ ಗೌರಿ ಹಬ್ಬಕ್ಕೆ ಅವನ ಸೊಸೆ ಬಾಗಿನದ ಮೊರ ಕೊಳ್ಳಲು ಬಂದಳು. ಬಾಗಿನಕ್ಕೆ ಮೊರ ಜೊತೆಯಾಗಿಯೇ ಬೇಕು, ಒಂದರಲ್ಲಿ ತುಂಬಿ ಇನ್ನೊಂದನ್ನು ಮುಚ್ಚಿ ಕೊಡಬೇಕು. ಅಜ್ಜಿ ಒಂದೇ ಒಂದು ಮೊರ ಎತ್ತಿ ಕೊಟ್ಟಳು.

"ಇನ್ನೊಂದು ಅಜ್ಜಿ?"

"ಒಂದೇ ಇರೋದು ಕಣವ್ವ."

"ಅಲ್ಲೇ ಗುಡ್ಡೆ ಬಿದ್ದೈತಲ್ಲ!"

"ಅದು ಕಸ. ನಿಮ್ಮಾವನ್ನ ಕೇಳು, ಹೇಳ್ತಾರೆ."

ಕೊನೆಗೆ ಹಬ್ಬದ ಹಿಂದಿನ ದಿನ ಯಜಮಾನನೇ ಬಂದು ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಜೊತೆ ಮೊರ ಕೇಳಿದನಂತೆ. ಈ ಕಥೆಯನ್ನು ಅಜ್ಜಿ ನನಗೆ ಎಷ್ಟು ಸಲ ಹೇಳಿದಳೋ. ಪ್ರತಿ ಸಲವೂ ಯಜಮಾನ ಇನ್ನಷ್ಟು ತಗ್ಗಿ ಕೂರುತ್ತಿದ್ದ.

ನಾನು ಹಗರೆಯವಳು, ಇತಿಹಾಸದಲ್ಲಿ ಬಿ.ಎ. ಓದಿದವಳು. ಬೇಲೂರಿನಿಂದ ಹಳೇಬೀಡಿಗೆ ಹೋಗುವ ರಸ್ತೆಯ ಹೊಲವೊಂದರಲ್ಲಿ ಭಾನುವಾರದ ಕರಕುಶಲ ಸಂತೆ ಶುರುವಾದಾಗ, ಬಂದವರಿಗೆ ವಿವರಣೆ ಕೊಡುವ ಕೆಲಸಕ್ಕೆ ಸೇರಿದೆ. ದೇವಸ್ಥಾನ ನೋಡಿ ಮುಗಿಸಿದ ಜನ ಕಾರು ನಿಲ್ಲಿಸಿ ಒಳಗೆ ಬರುತ್ತಿದ್ದರು. ಕುಂಬಾರರ ಮಡಕೆ, ಕುರಿಯುಣ್ಣೆಯ ಕಂಬಳಿ, ತೆಂಗಿನ ಚಿಪ್ಪಿನ ಸೌಟು, ಬಳಪದ ಕಲ್ಲಿನ ಪುಟ್ಟ ಆನೆ. ಅಂಗಡಿಯಲ್ಲೂ ಇವೆಲ್ಲ ಸಿಗುತ್ತವೆ. ಆದರೆ ಮಾಡಿದ ಮನುಷ್ಯ ಎದುರಿಗೇ ಕೂತಿರುತ್ತಾನಲ್ಲ, ಜನ ಬರುತ್ತಿದ್ದುದು ಅದಕ್ಕೆ. ಮೆಂತ್ಯದ ಹಿಟ್ಟು ಬಳಿದ ಹೊಸ ಮೊರವನ್ನು ಮೂಗಿಗೆ ಹಿಡಿದು, "ನೀವೇ ಮಾಡಿದ್ದಾ?" ಎಂದು ಕೇಳಿದವರಿಗೆ ಅಜ್ಜಿ, "ಇಲ್ಲ, ನನ್ನ ಸವತಿ ಮಾಡಿದ್ದು" ಎನ್ನುತ್ತಿದ್ದಳು. ಅವರು ನಕ್ಕು ಎರಡು ಕೊಳ್ಳುತ್ತಿದ್ದರು.

ಸಂತೆಯ ಮಾಲೀಕ ನಯವಾದ ಮಾತಿನವನು. ತಲೆಯ ಮೇಲೆ ಕಪ್ಪು ಕನ್ನಡಕ ಏರಿಸಿಕೊಂಡೇ ಓಡಾಡುತ್ತಿದ್ದರಿಂದ ಅಜ್ಜಿ ಅವನಿಗೆ ನೆತ್ತಿಗಣ್ಣ ಎಂದು ಹೆಸರಿಟ್ಟಿದ್ದಳು. ಸಂತೆಯ ಚಪ್ಪರಕ್ಕೆ ನಾಲ್ಕೂ ಕಡೆ ಬಿದಿರಿನ ತಟ್ಟಿಗೋಡೆ ಹೆಣೆದು ಕೊಟ್ಟರೆ ಮುಂಬಾಗಿಲ ಪಕ್ಕದ ಜಾಗ ಅವಳದೇ ಎಂದು ಅವನು ಮಾತು ಕೊಟ್ಟಿದ್ದ. ಅವಳು ಹೆಣೆದಳು. ಕೆಲಸ ಮುಗಿಯುತ್ತ ಬಂದಾಗ ಮುಂಬಾಗಿಲಲ್ಲಿ ಎಲ್ಲಿಂದಲೋ ಲಾರಿಯಲ್ಲಿ ಬಂದ ಮೆಷಿನ್ ಬುಟ್ಟಿಗಳು ಕೂತಿದ್ದವು, ಪ್ರತಿಯೊಂದಕ್ಕೂ ಅಜ್ಜಿಯ ಫೋಟೋ ಅಂಟಿಸಿತ್ತು. ಅಜ್ಜಿಗೆ ಸಿಕ್ಕಿದ್ದು ತೀರ ಹಿಂದೆ, ಹಿಂಬಾಗಿಲ ಪಕ್ಕದ ಮೂಲೆ. ಆ ಬಾಗಿಲೆಂದರೆ ಕಬ್ಬಿಣದ ಸಲಾಕಿಯ ಗೇಟು, ಅದಕ್ಕೆ ಯಾವಾಗಲೂ ಬೀಗ. ಬಿಲ್ಲು ಮಾಡಿಸದೆ ಯಾರೂ ಆ ಕಡೆಯಿಂದ ಜಾರಿಕೊಳ್ಳಬಾರದೆಂದು ಮಾಲೀಕ ಕೀಲಿಯನ್ನು ತನ್ನ ಜೇಬಿನಲ್ಲಿಟ್ಟುಕೊಂಡಿರುತ್ತಿದ್ದ.

ಅಜ್ಜಿಯ ಮನೆತನದಲ್ಲಿ ಒಂದು ರೂಢಿ ಇತ್ತು. ಕೊಳ್ಳುವವನು ಮಾತು ಉಳಿಸಿಕೊಳ್ಳುವ ತನಕ ಕೊನೆಯ ಕಟ್ಟು ಬಿಗಿಯುವುದಿಲ್ಲ. ಹಾಗಾಗಿ ಹಿಂದಿನ ಗೋಡೆಯ ಒಂದು ಮೂಲೆಯನ್ನು ಕಂಬಕ್ಕೆ ಕಟ್ಟದೆ ಹಾಗೆಯೇ ಬಿಟ್ಟಳು.

"ಯಾಕಜ್ಜಿ ಇದೊಂದು ಬಿಟ್ಟಿದ್ದೀರಿ? ಕಟ್ಟಿಬಿಡಿ" ಎಂದ ಮಾಲೀಕ.

"ನೀನು ಮಾತು ಉಳಿಸ್ಕೋ, ನಾನು ಮೂಲೆ ಕಟ್ತೀನಿ."

"ಒಂದು ಮೂಲೆಗೆ ಇಷ್ಟು ಸಿಟ್ಟಾ?"

"ಮೂಲೇಲಿ ಕೂರ್ಸಿರೋನು ನೀನೇ ಅಲ್ವೇನಪ್ಪ."

ಅವನು ನಕ್ಕ. ಮರುವಾರ ಆ ಸಡಿಲು ಮೂಲೆ ಕಾಣದಂತೆ ದೊಡ್ಡದೊಂದು ಫ್ಲೆಕ್ಸ್ ಹಾಕಿಸಿದ. ಅದರ ತುಂಬ ಬುಟ್ಟಿ ಹೆಣೆಯುತ್ತಿರುವ ಅಜ್ಜಿಯೇ. "ನೋಡವ್ವ, ತನ್ನ ಮಾನ ಮುಚ್ಚೋಕೆ ನನ್ನ ಮುಖಾನೇ ತಂದವ್ನೆ" ಎಂದು ಅಜ್ಜಿ ಸಿಳ್ಳೆ ಹಾಕುತ್ತ ಬೈದಳು.

ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬಿಲ್ಲಿನ ಮೇಜಿನ ಪಕ್ಕ, ಮುಂಬಾಗಿಲಿಗೆ ಅಂಟಿಕೊಂಡಂತೆ ಇಟ್ಟಿದ್ದ ಜನರೇಟರ್ ಹಾಕಿದರು. ನಾನು ಹಿಂದೆ ಅಜ್ಜಿಯ ಬಳಿ ನಿಂತು ಒಂದು ಕುಟುಂಬಕ್ಕೆ ಮೊರ ತೋರಿಸುತ್ತಿದ್ದೆ. ಮೊದಲು ಡೀಸೆಲ್ ವಾಸನೆ. ಆಮೇಲೆ ಪಟಾಕಿಯಂತಹ ಸದ್ದು. ಯಾರೋ ಪಟಾಕಿ ಹಚ್ಚಿದರೆಂದೇ ನಾನು ತಿರುಗಿ ನೋಡಿದ್ದು. ಅದು ಬಿದಿರಿನ ಗಿಣ್ಣು ಸಿಡಿಯುವ ಸದ್ದು. ಮುಂಬಾಗಿಲು ಇದ್ದ ಕಡೆ ಬೆಂಕಿಯೇ ನಿಂತಿತ್ತು. ಒಣ ತೆಂಗಿನ ಗರಿಯ ಮಾಡು, ಗಾಳಿ ನಮ್ಮ ಕಡೆಗೇ. ಎಲ್ಲರೂ ಹಿಂಬಾಗಿಲಿಗೆ ನುಗ್ಗಿದರು. ಬೀಗ. ಒಬ್ಬರು ಗೇಟನ್ನು ಒದೆಯುತ್ತಿದ್ದರು, ಹಿಂದಿದ್ದವರು ಅವರ ಮೇಲೆ ಬೀಳುತ್ತಿದ್ದರು. ಸಲಾಕಿಗಳ ಸಂದಿಯಿಂದ ನಾನು ನೋಡಿದೆ: ಮಾಲೀಕ ಆಗಲೇ ಹೊರಗೆ ಹೊಲದಲ್ಲಿದ್ದ. ಕೂಗಿದೆ. ಅವನು ನಮ್ಮನ್ನು ನೋಡಿದ. ಜೇಬು ಮುಟ್ಟಿಕೊಂಡ. ಬರಲಿಲ್ಲ.

ಆ ಕೈ ಜೇಬಿನ ಮೇಲೆ ಹೋದದ್ದನ್ನು ನಾನು ಇವತ್ತಿಗೂ ನೋಡುತ್ತಿದ್ದೇನೆ. ಅನ್ನ ಕಲಸುವಾಗ, ಬಸ್ಸಿಗೆ ಕಾಯುವಾಗ, ಅದೇ ಕೈ, ಅದೇ ಜೇಬು.

"ಆ ಕಡೆ ಯಾಕ್ರೋ ಸಾಯ್ತೀರ, ಬನ್ರೋ ಈ ಕಡೆ!" ಅಜ್ಜಿಯ ಸಿಳ್ಳೆ ಹೊಗೆಯೊಳಗಿಂದ ಕೇಳಿಸಿತು. ಬಿದಿರು ಸೀಳುವ ಕತ್ತಿಯಿಂದ ಫ್ಲೆಕ್ಸನ್ನು, ತನ್ನದೇ ಮುಖವನ್ನು, ಮೇಲಿಂದ ಕೆಳಗೆ ಸೀಳಿದಳು. ಕಟ್ಟದೆ ಬಿಟ್ಟಿದ್ದ ಮೂಲೆಗೆ ಬೆನ್ನು ಕೊಟ್ಟು ತಳ್ಳಿದಳು. ತಟ್ಟಿ ಬಾಗಿಲಿನಂತೆ ಹೊರಗೆ ಮಡಚಿಕೊಂಡಿತು. ಅದನ್ನು ಬೆನ್ನಿನಲ್ಲಿ ತಡೆದು ಹಿಡಿದು ಒಬ್ಬೊಬ್ಬರನ್ನೇ ದೂಡಿದಳು. ನನ್ನನ್ನು ದೂಡುವಾಗ, "ಹೋಗೇ, ಬಾಯ್ ಬಿಟ್ಕೊಂಡು ನೋಡ್ತಾಳೆ!" ಎಂದಳು. ಎಲ್ಲರೂ ಹೊರಬಿದ್ದ ಮೇಲೆ ಕೊನೆಗೆ ಬಂದವಳು ಅವಳು. ಸೆರಗು ಹೊಗೆಯಾಡುತ್ತಿತ್ತು. ಹೊಲದ ಬದುವಿನಲ್ಲಿ ಕೂತು ಕೆಮ್ಮತೊಡಗಿದಳು. ಆ ಕೆಮ್ಮು ಮತ್ತೆ ನಿಲ್ಲಲಿಲ್ಲ.

ಯಾರೂ ಸಾಯಲಿಲ್ಲ. ಅದೇ ಅವನಿಗೆ ಅನುಕೂಲವಾಯಿತು. ಅಜ್ಜಿ ಬೀಡಿ ಸೇದಿ ಎಸೆದದ್ದರಿಂದ ಬೆಂಕಿ ಹತ್ತಿತು, ಹಿಂಬಾಗಿಲು ತೆರೆದೇ ಇತ್ತು, ಜನ ಗಾಬರಿಯಲ್ಲಿ ನೋಡಲಿಲ್ಲ ಎಂದು ಹೇಳಿಕೊಂಡು ತಿರುಗಿದ. ಪ್ರವಾಸಿಗರು ತಮ್ಮ ತಮ್ಮ ಊರಿಗೆ ಹೋಗಿಬಿಟ್ಟಿದ್ದರು. ಊರಿನ ಜನ ಅವನ ಮಾತನ್ನೇ ನಂಬತೊಡಗಿದರು. 'ಪಾಪ, ಮುದುಕಿ, ಗೊತ್ತಾಗದೆ ಮಾಡಿದ್ದು' ಎಂದರು. ಆ 'ಪಾಪ' ಅನ್ನುವುದು ಅಜ್ಜಿಯನ್ನು ಹೊಗೆಗಿಂತ ಹೆಚ್ಚು ಸುಟ್ಟಿತು.

"ಬೀಡಿಯಂತೆ! ಹೊಗೆಸೊಪ್ಪು ಅಗಿಯೋಳು ಕಣೇ ನಾನು. ಸುಳ್ಳಾದ್ರೂ ನೆಟ್ಟಗೆ ಹೇಳಕ್ಕೆ ಬರಲ್ವಲ್ಲ ಅವನಿಗೆ."

ಗೇಟಿಗೆ ಬೀಗವಿತ್ತು ಎಂದು ನಾನು ಪೊಲೀಸರಿಗೆ ಹೇಳಿಕೆ ಕೊಟ್ಟೆ. ತನಿಖೆ ನಡೆಯುತ್ತಿದೆ ಎಂದರು. ಇವತ್ತಿಗೂ ನಡೆಯುತ್ತಿದೆ. ಮಾಲೀಕ ನನ್ನನ್ನು ಕರೆಸಿ, ಹೊಸ ಸಂತೆಯಲ್ಲಿ ಮ್ಯಾನೇಜರ್ ಆಗಿ ಬನ್ನಿ ಎಂದ. ಅಜ್ಜಿಗೆ ಹೇಳಿದಾಗ ಅವಳು ನನ್ನನ್ನೇ ದಿಟ್ಟಿಸಿದಳು. "ಏನಂದೆ?" "ಉಗಿದು ಬಂದೆ." "ನಿಜವಾಗ್ಲೂ ಉಗುದ್ಯಾ, ಬಾಯಿಮಾತಿಗಾ?" ನಿಜವಾಗಿಯೂ ಎಂದೆ. ಅವಳು ಅಷ್ಟು ಸಂತೋಷಪಟ್ಟದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಮಳೆಗಾಲದಲ್ಲಿ ಅವನೇ ಮಾದಿಹಳ್ಳಿಗೆ ಬಂದ. ಕೈಯಲ್ಲಿ ಶಾಲು, ಹಣ್ಣಿನ ಬುಟ್ಟಿ, ಜೊತೆಗೆ ಫೋಟೋ ತೆಗೆಯುವವನು. ಬುಟ್ಟಿ ಮೆಷಿನ್ನಿನದೇ.

"ಆಗಿದ್ದಾಯ್ತು, ಹಳೇದೆಲ್ಲ ಮರೀರಿ ಅಜ್ಜಿ."

"ಮರೀತೀನಿ. ಬೀದೀಲಿ ನಿಂತ್ಕೊಂಡು, ಬೀಗ ಹಾಕಿದ್ದು ನಾನೇ ಅಂತ ಒಂದ್ಸಲ ಕೂಗು. ಈ ಕ್ಷಣ ಮರೀತೀನಿ."

ಅವನು ಶಾಲನ್ನು ಮಂಚದ ಮೇಲಿಟ್ಟು ಹೊರಟ. ಅಜ್ಜಿ ಅದನ್ನು ಎಮ್ಮೆಗೆ ಹೊದಿಸಿದಳು. ನನ್ನ ಕೈ ಹಿಡಿದು, "ನೋಡವ್ವ, ನಾನು ಸತ್ತಾಗ ಒಳ್ಳೆಯವಳಾಗಿದ್ಲು, ಎಲ್ರನ್ನೂ ಕ್ಷಮಿಸಿದ್ಲು ಅಂತ ಯಾರಾದ್ರೂ ಅಂದ್ರೆ, ನೀನು ಇಲ್ಲ ಅನ್ಬೇಕು" ಎಂದಳು.

ದೀಪಾವಳಿಗೆ ಮುಂಚೆ ಅವಳು ಹೋದಳು. ಹೆಣದ ಮುಂದೆ ಊರೆಲ್ಲ ಸೇರಿದ್ದಾಗ ಮಾಲೀಕ ದೊಡ್ಡ ಹಾರ ಹಿಡಿದು ಬಂದ. ನಾನು ಅಡ್ಡ ನಿಂತೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಬೀಗ ಹಾಕಿದ್ದು ನೀವು. ಕೀಲಿ ನಿಮ್ಮ ಜೇಬಿನಲ್ಲಿತ್ತು. ನಾವು ಬೆಂಕಿಯಲ್ಲಿ ಸಿಕ್ಕಿಬಿದ್ದಿದ್ದನ್ನ ನೀವು ನಿಂತು ನೋಡಿದ್ರಿ." ಅವನು, "ದುಃಖದಲ್ಲಿ ಏನೋ ಮಾತಾಡ್ತಾರೆ" ಎಂದು ಜನರ ಕಡೆ ತಿರುಗಿದ. ಯಾರೂ ಅವನಿಗೆ ದಾರಿ ಬಿಡಲಿಲ್ಲ. ಹಾರ ಹಿಡಿದುಕೊಂಡೇ ಕಾರು ಹತ್ತಿದ.

ಅವನ ಹೊಸ ಸಂತೆ ಈಗ ಅದೇ ರಸ್ತೆಯಲ್ಲಿ, ಇನ್ನೂ ಚೆಂದವಾಗಿ ನಡೆಯುತ್ತಿದೆ. ಭಾನುವಾರ ನಾನು ಹಗರೆಯಿಂದ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತೇನೆ. ಒಳಗೆ ಕಾಲಿಡುವುದಿಲ್ಲ. ರಸ್ತೆಯ ಅಂಚಿನಲ್ಲಿ ನಿಂತು, ಕಾರಿನಿಂದ ಇಳಿಯುವವರಿಗೆಲ್ಲ ಅಜ್ಜಿಯ ವಿಷಯ ಹೇಳುತ್ತೇನೆ. ಆಮೇಲೆ, "ಹಿಂಬಾಗಿಲಿಗೆ ಬೀಗ ಇದೆಯಾ ಅಂತ ಮಾಲೀಕರನ್ನ ಕೇಳಿ ಒಳಗೆ ಹೋಗಿ" ಎನ್ನುತ್ತೇನೆ. ಕೆಲವರು ಕಾರು ತಿರುಗಿಸುತ್ತಾರೆ. ಕೆಲವರು ಒಳಗೆ ಹೋಗಿ ನಿಜವಾಗಿಯೂ ಕೇಳುತ್ತಾರೆ. ಆಗ ಅವನು ಹೊರಗೆ ಬಂದು ನನ್ನ ಕಡೆ ನೋಡುತ್ತಾನೆ. ನಾನೂ ನೋಡುತ್ತೇನೆ. ಮುಂದಿನ ಭಾನುವಾರವೂ ಬರುತ್ತೇನೆಂದು ಅವನಿಗೆ ಗೊತ್ತು.